ಉರುಳು ಕಣಿವೆಯಲ್ಲಿ, ಕುರಿ ಬಂಡೆಯ ಮೇಲೆ

ಅಲಾಸ್ಕ, ಯೂಕಾನ್‌ಗಳ ಬೆಟ್ಟಗಳಲ್ಲಿ ಬದುಕುವ ಬಿಳಿ ಕಾಡುಕುರಿ, ಡಾಲ್ ಕುರಿಯ ವಯಸ್ಸು ಅದರ ಕೊಂಬಿನಲ್ಲೇ ಇರುತ್ತದೆ. ಚಳಿಗಾಲದಲ್ಲಿ ಕೊಂಬು ಬೆಳೆಯುವುದು ನಿಂತು, ವಸಂತದಲ್ಲಿ ಮತ್ತೆ ಬೆಳೆಯತೊಡಗಿದಾಗ ಸುತ್ತಲೂ ಒಂದು ಗೆರೆ ಬೀಳುತ್ತದೆ. ಗೆರೆಗಳನ್ನು ಎಣಿಸಿದರೆ ಕುರಿ ಎಷ್ಟು ಚಳಿಗಾಲ ದಾಟಿತ್ತು ಎಂದು ಗೊತ್ತಾಗುತ್ತದೆ, ಅದು ಸತ್ತು ವರ್ಷಗಳೇ ಆಗಿದ್ದರೂ. 1939ರಿಂದ 1941ರವರೆಗೆ ಜೀವವಿಜ್ಞಾನಿ ಅಡಾಲ್ಫ್ ಮ್ಯೂರಿ ಅಲಾಸ್ಕದ ಮೌಂಟ್ ಮೆಕಿನ್ಲಿ ರಾಷ್ಟ್ರೀಯ ಉದ್ಯಾನದಲ್ಲಿ, ಅಂದರೆ ಇಂದಿನ ಡೆನಾಲಿಯಲ್ಲಿ, ಬೆಟ್ಟ ಹತ್ತಿಳಿದು 800ಕ್ಕೂ ಹೆಚ್ಚು ಕುರಿ ಬುರುಡೆಗಳನ್ನು ಆರಿಸಿದ್ದು ಈ ಲೆಕ್ಕಕ್ಕಾಗಿಯೇ. ಅದಕ್ಕೆ ಹತ್ತು ವರ್ಷ ಮುಂಚೆ ಬಿದ್ದ ಭಾರಿ ಹಿಮದಲ್ಲಿ ಅಲ್ಲಿನ ಕುರಿಗಳ ಸಂಖ್ಯೆ ಕುಸಿದಿತ್ತು. ತೋಳಗಳನ್ನು ಕೊಂದುಹಾಕಿ ಎಂಬ ಒತ್ತಾಯ ಜೋರಾಗಿತ್ತು.

ಬುರುಡೆಗಳು ಬೇರೆಯದೇ ಕಥೆ ಹೇಳಿದವು. ಸತ್ತವುಗಳಲ್ಲಿ ಹೆಚ್ಚಿನವು ವರ್ಷ ತುಂಬದ ಮರಿಗಳು, ಇಲ್ಲವೇ ಎಂಟೊಂಬತ್ತು ವರ್ಷ ದಾಟಿದ ಮುದಿಗಳು, ದವಡೆಗೆ ರೋಗ ಹತ್ತಿದವು. ನಡುವಯಸ್ಸಿನವು ಬಲು ಕಡಿಮೆ. 1947ರಲ್ಲಿ ಪರಿಸರ ವಿಜ್ಞಾನಿ ಎಡ್ವರ್ಡ್ ಡೀವಿ ಇವುಗಳಲ್ಲಿ 608 ಬುರುಡೆಗಳಿಂದ ಒಂದು ಜೀವನ ಕೋಷ್ಟಕ, ಅಂದರೆ ಯಾವ ವಯಸ್ಸಿನಲ್ಲಿ ಎಷ್ಟು ಸಾಯುತ್ತವೆ ಎಂಬ ಪಟ್ಟಿ, ಮಾಡಿದರು. ಇಂದಿಗೂ ಪರಿಸರ ವಿಜ್ಞಾನದ ಪಠ್ಯಗಳಲ್ಲಿ ಅದನ್ನು ಕಾಣಬಹುದು. ಅದರಲ್ಲಿ ಒಂದು ಊನವಿದೆ. ಮರಿಯ ಬುರುಡೆ ಮೆತ್ತಗಿದ್ದು ಬೇಗ ಕರಗಿಹೋಗುವುದರಿಂದ ಮರಿಗಳ ಸಾವು ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಬೇಟೆಗಾರರಿಗೆ ಹೊಟ್ಟೆಯುರಿಯುವುದೂ ಇಲ್ಲಿಯೇ. ಅಲಾಸ್ಕದ ಬಹುತೇಕ ಕಡೆ ಹೊಡೆಯಲು ಅನುಮತಿ ಇರುವುದು ಕೊಂಬು ಪೂರ್ತಿ ಒಂದು ಸುತ್ತು ಬಂದ, ಇಲ್ಲವೇ ಎಂಟು ವರ್ಷ ತುಂಬಿದ ಟಗರನ್ನು. ತೋಳಕ್ಕೆ ಸುಲಭವಾಗಿ ಸಿಗತೊಡಗುವ ವಯಸ್ಸೂ ಹೆಚ್ಚುಕಡಿಮೆ ಅದೇ. ‘ತೋಳ ಹಿಡಿದರೆ ಕುರಿ ಉಳಿಯುತ್ತದೆ’ ಎಂಬ ಮಾತು ಹುಟ್ಟಿದ್ದು ಈ ಪೈಪೋಟಿಯಿಂದ.

ಹಾಗಾದರೆ ತೋಳವನ್ನು ಹಿಡಿಯುವುದು ಹೇಗೆ? ಅಲಾಸ್ಕ ಮತ್ತು ಪಕ್ಕದ ಕೆನಡಾದ ಯೂಕಾನ್‌ನಲ್ಲಿ ಪರವಾನಗಿ ಪಡೆದವರು ತುಪ್ಪಳ ದಟ್ಟವಾಗಿರುವ ಚಳಿಗಾಲದಲ್ಲಿ ಬಳಸುವುದು ಮುಖ್ಯವಾಗಿ ಎರಡು ಸಾಧನ: ಕಾಲು ಹಿಡಿಯುವ ಉಕ್ಕಿನ ಟ್ರ್ಯಾಪ್ ಮತ್ತು ತಂತಿಹಗ್ಗದ ಉರುಳು.

ಟ್ರ್ಯಾಪಿನ ನಡುವಿನ ತಟ್ಟೆಯನ್ನು ಸುಮಾರು ಎರಡು ಕಿಲೋ ಭಾರ ಬಿದ್ದರಷ್ಟೇ ಸಿಡಿಯುವಂತೆ ಬಿಗಿ ಮಾಡುತ್ತಾರೆ. ನರಿ ತುಳಿದರೆ ಸಿಡಿಯಬಾರದು, 40 ಕಿಲೋ ತೋಳ ತುಳಿದರೆ ಸಿಡಿಯಬೇಕು. ಹಿಂಡು ಆಳವಾದ ಹಿಮದಲ್ಲಿ ಸಾಲಾಗಿ, ಒಂದರ ಹೆಜ್ಜೆಯಲ್ಲೇ ಇನ್ನೊಂದು ಕಾಲಿಟ್ಟು ಸಾಗುತ್ತದೆ. ಹಾಗಾಗಿ ಟ್ರ್ಯಾಪ್ ಇಡುವುದು ಆ ಹೆಜ್ಜೆಗಳ ಅಡಿಯಲ್ಲೇ. ಕೆಡುವುದೂ ಇಲ್ಲೇ. ಬೆಚ್ಚಗಿನ ಗುಡಿಸಲಿನಿಂದ ತಂದ ಟ್ರ್ಯಾಪನ್ನು ಕೂಡಲೇ ಹಿಮದಲ್ಲಿ ಹೂತರೆ ಸುತ್ತಲಿನ ಹಿಮ ಕರಗಿ, ಮತ್ತೆ ಗಟ್ಟಿಯಾಗಿ ಕಬ್ಬಿಣವನ್ನೇ ಕಚ್ಚಿಕೊಳ್ಳುತ್ತದೆ. ತೋಳ ಅದರ ಮೇಲೇ ನಡೆದು ಹೋಗುತ್ತದೆ. ಅದಕ್ಕೇ ಮೊದಲು ಟ್ರ್ಯಾಪನ್ನು ಹೊರಗಿಟ್ಟು ತಣ್ಣಗಾಗಿಸಿ, ಅಡಿಗೆ ಮೇಣದ ಕಾಗದವನ್ನೋ ಒಣ ಹುಲ್ಲನ್ನೋ ಹಾಸುತ್ತಾರೆ. ಎರಡು ದಿನ ಬೆಚ್ಚನೆ ಗಾಳಿ ಬೀಸಿ ಮೂರನೆಯ ದಿನ ಚಳಿ ಬಿದ್ದರೆ ಇಷ್ಟೂ ಶ್ರಮ ನೀರುಪಾಲು.

ಉರುಳಿಗೆ ಬೇಕಾಗುವುದು ಏಳೇಳು ಎಳೆಗಳ ಏಳು ಹುರಿಗಳನ್ನು ಹೆಣೆದ, ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಹಗ್ಗ. ಕುಣಿಕೆಯ ಅಗಲ 40 ಸೆಂಟಿಮೀಟರ್ ಆಸುಪಾಸು. ಅದರ ಕೆಳಅಂಚು ಹಿಮದಿಂದ 40–45 ಸೆಂಟಿಮೀಟರ್ ಮೇಲೆ. ತಲೆ ತಗ್ಗಿಸಿ ನಡೆಯುವ ತೋಳದ ಕುತ್ತಿಗೆಗೆ ಸರಿಯಾಗುವ ಎತ್ತರ ಇದು. ಮುಂದಕ್ಕೆ ಜಾರುವ, ಹಿಂದಕ್ಕೆ ಸಡಿಲವಾಗದ ಬೀಗ ಅದರಲ್ಲಿರುತ್ತದೆ. ಹೊಸದಾಗಿ ಒಂದು ಗೇಣು ಹಿಮ ಬಿದ್ದರೆ ಸಾಕು, ಲೆಕ್ಕ ತಪ್ಪಿತು. ಕುಣಿಕೆ ಕುತ್ತಿಗೆಯ ಬದಲು ಎದೆಗೋ ಸೊಂಟಕ್ಕೋ ಬೀಳುತ್ತದೆ. ತೋಳ ಹಗ್ಗವನ್ನು ಕಡಿದು, ಗಾಯ ಹೊತ್ತು ಹೋಗುತ್ತದೆ, ಇಲ್ಲವೇ ದಿನಗಟ್ಟಲೆ ನರಳುತ್ತದೆ.

ಅದೇ ದಾರಿಯಲ್ಲಿ ಬರುವ ಮೂಸ್ ಮತ್ತು ಕ್ಯಾರಿಬೂ ಎಂಬ ದೊಡ್ಡ ಜಿಂಕೆಗಳ ಕಾಲೂ ಮೂತಿಯೂ ಉರುಳಿಗೆ ಸಿಕ್ಕುವುದುಂಟು. ಆದ್ದರಿಂದ ಅತಿ ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವ ಕೊಂಡಿಯನ್ನು ಉರುಳಿಗೆ ಸೇರಿಸುತ್ತಾರೆ. ಆದರೆ ಹಗ್ಗದ ಇನ್ನೊಂದು ತುದಿಯನ್ನು ಅಲುಗಾಡದ ಮರಕ್ಕೆ ಕಟ್ಟಿದ್ದರಷ್ಟೇ ಆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಸಡಿಲ ಕೊರಡಿಗೆ ಕಟ್ಟಿದರೆ ಮೂಸ್ ಕೊರಡನ್ನೇ ಎಳೆದುಕೊಂಡು ಹೋಗುತ್ತದೆ, ಕೊಂಡಿ ಹಾಗೆಯೇ ಉಳಿಯುತ್ತದೆ. ಕಾಡುಹಂದಿಗೆ ಕಟ್ಟಿದ ಉರುಳಿನಲ್ಲಿ ಚಿರತೆ ನೇತಾಡುವುದನ್ನು ಕಂಡ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಅದಕ್ಕೆ ಉರುಳು ಒಡ್ಡುವುದು ಅಪರಾಧ.

ತಂತ್ರ ಎಷ್ಟೇ ಪಳಗಿದ್ದರೂ ಉರುಳು ಇರುವುದು ಕಣಿವೆಯಲ್ಲಿ. ಹೆಪ್ಪುಗಟ್ಟಿದ ನದಿ, ಪೊದೆಗಳ ನಡುವಿನ ಜಾಡು, ಮೂಸ್ ಸತ್ತುಬಿದ್ದ ಜಾಗ, ತೋಳ ಓಡಾಡುವುದು ಅಲ್ಲಿ. ಅದರ ಊಟದ ಬಹುಪಾಲು ಮೂಸ್ ಮತ್ತು ಕ್ಯಾರಿಬೂ. ಕುರಿಗಳು ಗಾಳಿ ಹಿಮವನ್ನು ಗುಡಿಸಿಹಾಕಿದ ಏಣುಗಳ ಮೇಲೆ, ಬಂಡೆಗೆ ಅಂಟಿಕೊಂಡು ಮೇಯುತ್ತವೆ. ಬಂಡೆಯ ಮೇಲಿದ್ದರೆ ತೋಳಕ್ಕೆ ಕುರಿಯೊಂದಿಗೆ ಸರಿಸಮ ಓಡಲಾಗದು. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ಬಯಲು ದಾಟುವಾಗ ಮಾತ್ರ ಕುರಿಗೆ ನಿಜವಾದ ಅಪಾಯ.

ಯೂಕಾನ್‌ನ ಐಶಿಹಿಕ್ ಪ್ರದೇಶದಲ್ಲಿ 1990ರ ದಶಕದಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿ ನೋಡಿದರು. ಐದು ಚಳಿಗಾಲ ಸತತವಾಗಿ ತೋಳಗಳನ್ನು ಬಹುಪಾಲು ತೆಗೆದರು, ಅದೂ ಉರುಳಿಗಿಂತ ಬಲವಾದ ಹೆಲಿಕಾಪ್ಟರ್ ಬೇಟೆಯಿಂದ. ಕ್ಯಾರಿಬೂ ಮತ್ತು ಮೂಸ್ ಕರುಗಳು ಹೆಚ್ಚು ಉಳಿದವು. ಡಾಲ್ ಕುರಿಯ ಮರಿಗಳ ಲೆಕ್ಕ ಮಾತ್ರ ಕದಲಲಿಲ್ಲ.

ಏಕೆಂದರೆ ಮರಿಗೆ ಬೇರೆ ಶತ್ರುಗಳಿವೆ. ಮೇ ಕೊನೆಯಿಂದ ಜೂನ್ ಮೊದಲ ವಾರಗಳಲ್ಲಿ, ಕಡಿದಾದ ಬಂಡೆಯಲ್ಲಿ, ತಾಯಿಗೆ ಸಾಮಾನ್ಯವಾಗಿ ಒಂದೇ ಮರಿ ಹುಟ್ಟುತ್ತದೆ. ಅಲಾಸ್ಕ ಪರ್ವತಶ್ರೇಣಿಯಲ್ಲಿ ಮರಿಗಳಿಗೆ ರೇಡಿಯೋ ಕಾಲರ್ ಕಟ್ಟಿ ಸಾವುಗಳನ್ನು ಹಿಂಬಾಲಿಸಿದಾಗ, ಮುಖ್ಯ ಕೊಲೆಗಾರರಾಗಿ ಸಿಕ್ಕಿದ್ದು ಗೋಲ್ಡನ್ ಈಗಲ್ ಎಂಬ ಹದ್ದು ಮತ್ತು ಕಯೋಟಿ ಎಂಬ, ತೋಳಕ್ಕಿಂತ ಚಿಕ್ಕ ಕಾಡುನಾಯಿ. ಈ ಕಯೋಟಿಯನ್ನು ಅಟ್ಟಿ ಕೊಲ್ಲುವುದು ತೋಳವೇ. ತೋಳ ಕಡಿಮೆಯಾಗಿ ಕಯೋಟಿಗೆ ಹಾದಿ ಸಲೀಸಾದರೆ ಕುರಿಮರಿಗೆ ಲಾಭವೋ ನಷ್ಟವೋ, ಟ್ರ್ಯಾಪ್ ಇಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಹವಾಮಾನದ ಹೊಡೆತ ಇದಕ್ಕಿಂತ ದೊಡ್ಡದು. ಹಿಮದ ಮೇಲೆ ಮಳೆ ಸುರಿದು ಮಂಜುಗಡ್ಡೆಯ ಪದರ ಕಟ್ಟಿದರೆ ಕುರಿಯ ಗೊರಸು ಹುಲ್ಲನ್ನು ಮುಟ್ಟದು. 2013ರಲ್ಲಿ ವಸಂತ ತಡವಾಗಿ ಬಂದಾಗ ಬ್ರೂಕ್ಸ್ ಶ್ರೇಣಿಯ ಕುರಿಗಳು ತೀವ್ರವಾಗಿ ಕುಸಿದವು. ಆ ವರ್ಷಕ್ಕೆ ಯಾವ ಉರುಳೂ ಮದ್ದಾಗುತ್ತಿರಲಿಲ್ಲ.

ತೆಗೆದ ತೋಳಗಳ ಜಾಗವೂ ಖಾಲಿ ಉಳಿಯುವುದಿಲ್ಲ. ಯೂಕಾನ್‌ನ ಫಿನ್ಲೇಸನ್‌ನಲ್ಲಿ ನಿಯಂತ್ರಣ ನಿಂತ ಮೇಲೆ, 1990ರಲ್ಲಿ 29 ಇದ್ದ ತೋಳಗಳು 1996ಕ್ಕೆ ಸುಮಾರು 240 ಆದವು. ವರ್ಷಕ್ಕೆ ಸುಮಾರು ಮೂರರಲ್ಲಿ ಒಂದು ಭಾಗ ಹಿಡಿದರೂ ತೋಳಗಳ ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ, ಮರಿಗಳೂ ಹೊರಗಿನಿಂದ ಬರುವ ಒಂಟಿಗಳೂ ಸೇರಿ ತುಂಬಿಬಿಡುತ್ತವೆ. ಇದರ ಮೇಲೆ, ಒಂದು ತೋಳವನ್ನಷ್ಟೇ ಹಿಡಿದು ಮಿಕ್ಕವನ್ನು ಬಿಟ್ಟರೆ ಉಳಿದ ಹಿಂಡು ಜಾಣವಾಗುತ್ತದೆ. ಆ ಜಾಡಿನಲ್ಲಿ ಮತ್ತೆ ಬರುವುದಿಲ್ಲ. ಅನುಭವಿಗಳು ಒಂದೇ ಕಡೆ ಹತ್ತು ಹನ್ನೆರಡು ಉರುಳು ಕಟ್ಟುವುದು ಇದಕ್ಕೇ.

ಟ್ರ್ಯಾಪಿನಿಂದ ಪ್ರಯೋಜನ ಇಲ್ಲವೇ ಇಲ್ಲ ಎಂದೇನಲ್ಲ. ಹೊಸದಾಗಿ ತಂದುಬಿಟ್ಟ ಇಪ್ಪತ್ತು ಮೂವತ್ತು ಕುರಿಗಳ ಗುಂಪು ಬಯಲು ದಾಟುವ ಒಂದೇ ಕಣಿವೆಯಲ್ಲಿ, ಆ ದಾರಿ ಕಲಿತ ಒಂದೇ ಹಿಂಡು ಇದ್ದರೆ, ಆ ಕೆಲವು ತೋಳಗಳನ್ನು ತೆಗೆದರೆ ವ್ಯತ್ಯಾಸ ಕಾಣಬಹುದು. ಆದರೆ ಮೊದಲು ಕೊಂದದ್ದು ಯಾರು ಎಂದು ತಿಳಿಯಬೇಕು. ಸತ್ತ ಕುರಿಯ ತೊಡೆಯ ಮೂಳೆಯನ್ನು ಒಡೆದು ನೋಡುತ್ತಾರೆ. ಮಜ್ಜೆ ಬೆಣ್ಣೆಯಂತೆ ಬೆಳ್ಳಗೆ ಗಟ್ಟಿಯಾಗಿದ್ದರೆ ಮೈತುಂಬಿದ ಪ್ರಾಣಿಯೇ ಬಲಿಯಾಗಿದೆ ಎಂದರ್ಥ. ಕೆಂಪಗೆ, ಲೋಳೆಲೋಳೆಯಾಗಿದ್ದರೆ ತೋಳ ಬರುವ ಮೊದಲೇ ಹಸಿವು ಅದನ್ನು ಅರ್ಧ ಮುಗಿಸಿತ್ತು.