ಮೊದಲ ವೈರ್‌ಲೆಸ್ ಮೈಕ್: ಒಂದು ದುಬಾರಿ ಸೆಟ್ಟೋ, ಎರಡು ಸಾಧಾರಣ ಸೆಟ್ಟೋ?

ಪ್ರಶ್ನೆ: ಬೂಮ್ ಮೈಕ್ (ಕೋಲಿನ ತುದಿಯಲ್ಲಿ ಹಿಡಿಯುವ ಮೈಕ್), ರೆಕಾರ್ಡರ್ ಎರಡೂ ನನ್ನ ಬಳಿ ಇವೆ. ಕಿರುಚಿತ್ರಗಳಿಂದ ಮುಂದೆ ಹೋಗಿ ಸಿಂಕ್ ಸೌಂಡ್ (ಚಿತ್ರೀಕರಣದ ಹೊತ್ತಿಗೇ ಮಾತು ದಾಖಲಿಸುವ) ಕೆಲಸ ಹಿಡಿಯಬೇಕೆಂದಿದ್ದೇನೆ. ಕೈಯಲ್ಲಿರುವ ದುಡ್ಡಿಗೆ ಒಂದು ಒಳ್ಳೆಯ ವೈರ್‌ಲೆಸ್ ಸೆಟ್ ತೆಗೆದುಕೊಳ್ಳಲೋ, ಸಾಧಾರಣದ್ದು ಎರಡು ತೆಗೆದುಕೊಳ್ಳಲೋ?

ಎರಡು ತೆಗೆದುಕೊಳ್ಳಿ. ಸಂಭಾಷಣೆ ಅಂದಮೇಲೆ ಕನಿಷ್ಠ ಇಬ್ಬರಿರುತ್ತಾರೆ. ಒಬ್ಬರಿಗೆ ಕಾಲರ್ ಮೈಕ್ ಹಾಕಿ ಇನ್ನೊಬ್ಬರನ್ನು ಬೂಮಿಗೆ ಬಿಟ್ಟರೆ, ಎಡಿಟ್‌ನಲ್ಲಿ ಪ್ರತಿ ಕಟ್‌ಗೂ ಕೋಣೆಯೇ ಬದಲಾದಂತೆ ಕೇಳಿಸುತ್ತದೆ. ಆದರೆ ‘ಸಾಧಾರಣ’ ಎಂಬ ಮಾತಿಗೆ ಒಂದು ತಳ ಇರಬೇಕು. ಯುಎಚ್‌ಎಫ್ ಬ್ಯಾಂಡ್ (ಟಿವಿ ಪ್ರಸಾರವೂ ಬಳಸುವ ರೇಡಿಯೋ ಅಲೆಗಳ ಪಟ್ಟಿ), ನಾವೇ ಬದಲಿಸಬಹುದಾದ ಫ್ರೀಕ್ವೆನ್ಸಿ, ಟ್ರಾನ್ಸ್‌ಮಿಟರ್‌ನಲ್ಲೇ (ನಟರ ಮೈಗೆ ಕಟ್ಟುವ ಪೆಟ್ಟಿಗೆ) ಗೇನ್ (ದನಿಯ ಮಟ್ಟ) ಹೊಂದಾಣಿಕೆ, ತಿರುಗಿಸಿ ಬಿಗಿಯುವ ಮೈಕ್ ಪಿನ್, ಡೈವರ್ಸಿಟಿ (ಎರಡು ಆಂಟೆನಾಗಳಲ್ಲಿ ಚೆನ್ನಾಗಿ ಹಿಡಿದದ್ದನ್ನು ಬಳಸುವ ವ್ಯವಸ್ಥೆ) ಇರುವ ರಿಸೀವರ್: ಈ ಐದರಲ್ಲಿ ಒಂದು ಇಲ್ಲದಿದ್ದರೂ ಆ ಸೆಟ್ ಬೇಡ. ಸೆನ್‌ಹೈಸರ್ ಇಡಬ್ಲ್ಯೂ ಜಿ4 ಪೋರ್ಟಬಲ್, ಸೋನಿ ಯುಡಬ್ಲ್ಯೂಪಿ-ಡಿ ಸರಣಿಗಳು ಈ ಮಟ್ಟದವು. ಲೆಕ್ಟ್ರೋಸೋನಿಕ್ಸ್, ಜ್ಯಾಕ್ಸ್‌ಕಾಮ್, ವಿಸಿಕಾಮ್, ಸೌಂಡ್ ಡಿವೈಸಸ್ ಎ20 ಇದಕ್ಕಿಂತ ಮೇಲಿನವು. ದೊಡ್ಡ ಕೆಲಸ ಬಂದಾಗ ಅವನ್ನು ಬಾಡಿಗೆಗೆ ತಂದರಾಯಿತು.

ಡೈವರ್ಸಿಟಿಯಲ್ಲೂ ತರತಮ ಇದೆ. ಸೋನಿಯ ಪೋರ್ಟಬಲ್ ರಿಸೀವರ್‌ಗೆ ಎರಡು ಆಂಟೆನಾ ಇವೆ. ಸೆನ್‌ಹೈಸರ್ ಇಕೆ 100 ಜಿ4ಗೆ ಕಾಣುವುದು ಒಂದೇ. ಅದರಿಂದ ಹೊರಬರುವ ಆಡಿಯೋ ಕೇಬಲ್ಲೇ ಎರಡನೆಯ ಆಂಟೆನಾ ಆಗಿ ಕೆಲಸ ಮಾಡುತ್ತದೆ. ಆ ಕೇಬಲ್ಲನ್ನು ಅಂದವಾಗಿ ಸುತ್ತಿ, ಟೈ ಹಾಕಿ, ಬ್ಯಾಗಿನ ತಳಕ್ಕೆ ತುರುಕಿದರೆ ಡೈವರ್ಸಿಟಿಯನ್ನೇ ಕಟ್ಟಿಹಾಕಿದಂತೆ.

ಅಂಗೈಯಲ್ಲಿ ಹಿಡಿಸುವ 2.4 ಗಿಗಾಹರ್ಟ್ಸ್ ಸೆಟ್‌ಗಳ ಬಗ್ಗೆಯೂ ಒಂದು ಮಾತು. ಸಂದರ್ಶನಕ್ಕೆ ಅವು ಸಾಕು. ಆದರೆ ವೈಫೈ, ಬ್ಲೂಟೂತ್ ಓಡಾಡುವುದೂ ಅದೇ ಬ್ಯಾಂಡಿನಲ್ಲಿ. ಬೆಳಿಗ್ಗೆ ಖಾಲಿ ಲೊಕೇಶನ್‌ನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿ ನಡೆದದ್ದು, ಐವತ್ತು ಜನರ ತಂಡ ಐವತ್ತು ಫೋನ್ ಸಮೇತ ಬಂದಿಳಿದ ಮೇಲೆ ತಡವರಿಸುತ್ತದೆ. ಯುಎಚ್‌ಎಫ್‌ಗೆ ಹೋಲಿಸಿದರೆ ಮನುಷ್ಯನ ಮೈಯೂ ಈ ಅಲೆಗಳನ್ನು ಹೆಚ್ಚು ತಡೆಯುತ್ತದೆ. ಟ್ರಾನ್ಸ್‌ಮಿಟರ್ ಬೆನ್ನಿಗಿದ್ದು ನಟ ರಿಸೀವರ್ ಕಡೆ ಮುಖ ಮಾಡಿದ ಕ್ಷಣವೇ ಮಾತು ತುಂಡಾಗುತ್ತದೆ.

ಬ್ರ್ಯಾಂಡಿಗಿಂತ ಮೊದಲು ಬ್ಯಾಂಡ್

ಒಂದೇ ಮಾಡೆಲ್ ಬೇರೆ ಬೇರೆ ಫ್ರೀಕ್ವೆನ್ಸಿ ಬ್ಯಾಂಡ್‌ಗಳಲ್ಲಿ ಬರುತ್ತದೆ. ಸೆನ್‌ಹೈಸರ್ ಜಿ4ರಲ್ಲಿ ‘ಎ’ ಅಂದರೆ 516ರಿಂದ 558 ಮೆಗಾಹರ್ಟ್ಸ್, ‘ಜಿ’ ಅಂದರೆ 566ರಿಂದ 608. ಪೆಟ್ಟಿಗೆಯ ಮೇಲಿನ ಈ ಒಂದು ಅಕ್ಷರ ತಪ್ಪಿದರೆ ಸೆಟ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮಲ್ಲಿ ಅದು ಕಾನೂನುಬಾಹಿರವಾಗಿರಬಹುದು, ಇಲ್ಲವೇ ಟಿವಿ ಪ್ರಸಾರದ ಮೇಲೆ ಹೋಗಿ ಕೂತಿರಬಹುದು. ಕೆಲಸ ಮಾಡುವ ದೇಶದಲ್ಲಿ ಯಾವ ಬ್ಯಾಂಡಿಗೆ ಅನುಮತಿ ಇದೆ, ಲೈಸೆನ್ಸ್ ಬೇಕೇ, ಎಷ್ಟು ಮಿಲಿವ್ಯಾಟ್‌ವರೆಗೆ ಬಿಡುತ್ತಾರೆ ಎಂಬುದನ್ನು ಅಲ್ಲಿನ ನಿಯಂತ್ರಕರ ಪ್ರಕಟಣೆಯಲ್ಲಿ ನೋಡಿಕೊಂಡ ಮೇಲೆಯೇ ಮಾಡೆಲ್ ಹುಡುಕಲು ಹೊರಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲೇ ಎಡವುವುದು. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಆಸುಪಾಸಿನ ಬಹುಪಾಲು ಮೊಬೈಲ್ ಕಂಪನಿಗಳ ಪಾಲಾಗಿ, 2020ರ ಜುಲೈ 13ರಿಂದ 616–653 ಮತ್ತು 663–698 ಮೆಗಾಹರ್ಟ್ಸ್‌ನಲ್ಲಿ ವೈರ್‌ಲೆಸ್ ಮೈಕ್ ಬಳಸುವಂತಿಲ್ಲ. ಆ ಬ್ಯಾಂಡಿನ ಸೆಟ್ ಸೋವಿಗೆ ಸಿಕ್ಕಿದರೆ ಕಾರಣ ಇದಿರಬಹುದು. ಹಳೆಯ ಲೆಕ್ಟ್ರೋಸೋನಿಕ್ಸ್ ಮೇಲೆ ಬರೀ ಬ್ಲಾಕ್ ನಂಬರ್ ಇರುತ್ತದೆ. ಅದನ್ನು 25.6ರಿಂದ ಗುಣಿಸಿ. ಬ್ಲಾಕ್ 21 ಅಂದರೆ 537.6 ಮೆಗಾಹರ್ಟ್ಸ್‌ನಿಂದ ಶುರು, ಬ್ಲಾಕ್ 25 ಅಂದರೆ 640ರಿಂದ. ಮಾರುವವರು ಹೇಳದಿದ್ದರೂ ಲೆಕ್ಕ ಹೇಳುತ್ತದೆ.

ಎರಡೂ ಸೆಟ್‌ಗಳು ಒಂದೇ ಬ್ಯಾಂಡಿನವಾಗಿರಲಿ. ಆಗ ಯಾವ ಟ್ರಾನ್ಸ್‌ಮಿಟರ್ ಕೆಟ್ಟರೂ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಮುಂದೆ ಮೂರನೆಯದು ಸೇರಿದಾಗ ಫ್ರೀಕ್ವೆನ್ಸಿಗಳನ್ನು ಸಮ ಅಂತರದಲ್ಲಿ ಇಡಬೇಡಿ. 520, 521, 522 ಎಂದು ಸಾಲಾಗಿ ಇಟ್ಟಿರಿ ಅನ್ನಿ. ಎರಡು ಟ್ರಾನ್ಸ್‌ಮಿಟರ್ ಹತ್ತಿರ ಬಂದಾಗ ಅವೆರಡರ ಅಲೆಗಳು ಬೆರೆತು ಹೊಸ ಅಲೆ ಹುಟ್ಟುತ್ತದೆ: 521ರ ಎರಡು ಪಟ್ಟಿನಿಂದ 520 ಕಳೆದರೆ 522. ಮೂರನೆಯ ನಟನ ಚಾನೆಲ್ ಮೇಲೆ ನೇರವಾಗಿ ಬಿತ್ತು. ಬದಲಿಗೆ 520.0, 520.6, 521.9 ಇಟ್ಟರೆ ಇಂಥ ಯಾವ ಅಲೆಯೂ ಈ ಮೂರರ ಮೇಲೆ ಬೀಳುವುದಿಲ್ಲ. ಈ ಲೆಕ್ಕಕ್ಕೆ ಶೂರ್ ಕಂಪನಿಯ ವೈರ್‌ಲೆಸ್ ವರ್ಕ್‌ಬೆಂಚ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಸೆಟ್‌ನೊಳಗಿನ ಸ್ಕ್ಯಾನ್ ಕೂಡ ಉಪಯೋಗಕ್ಕೆ ಬರುತ್ತದೆ. ಆದರೆ ಸ್ಕ್ಯಾನ್ ಮಾಡುವಾಗ ನಿಮ್ಮ ಟ್ರಾನ್ಸ್‌ಮಿಟರ್‌ಗಳೆಲ್ಲ ಆಫ್ ಆಗಿರಲಿ, ಕ್ಯಾಮೆರಾ, ಎಲ್‌ಇಡಿ ಲೈಟು, ವಿಡಿಯೋ ಟ್ರಾನ್ಸ್‌ಮಿಟರ್ ಎಲ್ಲ ಆನ್ ಆಗಿರಲಿ.

ದುಡ್ಡು ಸುರಿಯಬೇಕಾದ್ದು ಮೈಕಿಗೆ

ಸೆಟ್ ಜೊತೆ ಬರುವ ಕಾಲರ್ ಮೈಕ್ ಬಟ್ಟೆಯ ಹೊರಗೆ ಸಿಕ್ಕಿಸಿದರೆ ಪರವಾಗಿಲ್ಲ. ಸಿನಿಮಾದಲ್ಲಿ ಅದು ಒಳಗೆ ಅಡಗಬೇಕು. ಆಗ ದನಿ ಮಂಕಾಗುತ್ತದೆ, ಬಟ್ಟೆ ಸರಸರ ಎನ್ನುತ್ತದೆ. ಸ್ಯಾಂಕೆನ್ ಸಿಒಎಸ್-11ಡಿ ಸುಮಾರು 4 ಮಿಲಿಮೀಟರ್ ದಪ್ಪ, ಡಿಪಿಎ 6060 ಸುಮಾರು 3. ಅಂಗಿಯ ಗುಂಡಿಪಟ್ಟಿಯಲ್ಲಿ ಕಾಣದಂತೆ ಕೂರುತ್ತವೆ. ಮುಂದೆ ಟ್ರಾನ್ಸ್‌ಮಿಟರ್ ಬದಲಿಸಿದರೂ ಇವು ನಿಮ್ಮ ಬಳಿಯೇ ಉಳಿಯುತ್ತವೆ, ಪಿನ್ ಮಾತ್ರ ಬದಲಿಸಿದರಾಯಿತು. ಆ ಪಿನ್ ವಿಷಯದಲ್ಲಿ ಹುಷಾರು: ಸೋನಿ, ಸೆನ್‌ಹೈಸರ್ ಎರಡರಲ್ಲೂ 3.5 ಮಿಲಿಮೀಟರ್‌ನ ತಿರುಪು ಪಿನ್ನೇ ಇದೆ, ನೋಡಲೂ ಒಂದೇ ಥರ, ಒಳಗಿನ ವೈರಿಂಗ್ ಬೇರೆ. ಹೆಚ್ಚಿನ ಲೆಕ್ಟ್ರೋಸೋನಿಕ್ಸ್‌ಗಳಿಗೆ ಐದು ಪಿನ್ನಿನ ಟಿಎ5 ಬೇಕು. ಆರ್ಡರ್ ಮಾಡುವಾಗ ಮೈಕಿನ ಹೆಸರಿನ ಜೊತೆ ಟ್ರಾನ್ಸ್‌ಮಿಟರ್ ಹೆಸರನ್ನೂ ಕೊಡಿ.

ಇನ್ನೊಂದು ಆಯ್ಕೆ ಸಂವೇದನೆಯದು. ಡಿಪಿಎ 4060 ಮತ್ತು 4061 ಅಕ್ಕತಂಗಿಯರಿದ್ದಂತೆ. ಮೊದಲನೆಯದು ಒಂದು ಪ್ಯಾಸ್ಕಲ್‌ಗೆ (ಶಬ್ದದ ಒತ್ತಡದ ಅಳತೆ) 20 ಮಿಲಿವೋಲ್ಟ್ ಕೊಡುತ್ತದೆ, ಎರಡನೆಯದು 6. ಕೂಗಾಟದ ದೃಶ್ಯದಲ್ಲಿ 4060ರ ದನಿ ಟ್ರಾನ್ಸ್‌ಮಿಟರ್‌ನ ಒಳಬಾಗಿಲಲ್ಲೇ ಒಡೆದುಹೋಗಬಹುದು. ಅಲ್ಲಿ ಒಡೆದದ್ದನ್ನು ಮುಂದೆ ಎಲ್ಲಿ ತಗ್ಗಿಸಿದರೂ ಸರಿಹೋಗದು.

ಗೇನ್ ಕ್ರಮವೂ ಇದೇ ಕಾರಣಕ್ಕೆ ಮೈಕಿನಿಂದ ಶುರುವಾಗಬೇಕು. ನಟರಿಂದ ದೃಶ್ಯದ ಅತಿ ಜೋರಿನ ಸಾಲು ಹೇಳಿಸಿ ಟ್ರಾನ್ಸ್‌ಮಿಟರ್ ಹೊಂದಿಸಿ, ಆಮೇಲೆ ರಿಸೀವರ್ ಔಟ್‌ಪುಟ್, ಕೊನೆಗೆ ರೆಕಾರ್ಡರ್. ಸೆನ್‌ಹೈಸರ್ ಜಿ4 ಟ್ರಾನ್ಸ್‌ಮಿಟರ್‌ನಲ್ಲಿ ಸೆನ್ಸಿಟಿವಿಟಿ 0ಯಿಂದ −60 ಡೆಸಿಬೆಲ್‌ವರೆಗೆ ಇದೆ. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಮೈಕ್ ಮಂದವಾಗುತ್ತದೆ. ಹೊಸಬರು ಇದನ್ನು ತಿರುವುಮುರುವು ಮಾಡಿ ದನಿಯನ್ನು ಒಡೆಸುವುದು ಮಾಮೂಲು. ರಿಸೀವರ್ ಲೈನ್ ಮಟ್ಟದಲ್ಲಿ (ಜೋರು ಸಿಗ್ನಲ್) ಕಳಿಸುತ್ತಿದ್ದು ರೆಕಾರ್ಡರ್ ಮೈಕ್ ಮಟ್ಟದಲ್ಲಿದ್ದರೆ (ಸಣ್ಣ ಸಿಗ್ನಲ್‌ಗೆ ಸಿದ್ಧವಾಗಿ), ಮೀಟರ್ ಕೆಳಗಿದ್ದೂ ದನಿ ಗೊರಗೊರ ಅನ್ನಬಹುದು.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಕೀಲಿಗೊಂಚಲು ತೆಗೆದುಕೊಂಡು ಮೈಕಿನಿಂದ ಒಂದಡಿ ದೂರದಲ್ಲಿ ಅಲ್ಲಾಡಿಸಿ, ಹೆಡ್‌ಫೋನ್‌ನಲ್ಲಿ ಕೇಳಿ. ಅನಲಾಗ್ ಸೆಟ್‌ಗಳು ದನಿಯನ್ನು ಒತ್ತಿ ಕಳಿಸಿ, ಆ ಕಡೆ ಬಿಡಿಸುತ್ತವೆ. ಈ ಒತ್ತುವಿಕೆ ಕೀಲಿಯ ಚುರುಕಿಗೆ ಹೆಜ್ಜೆ ಹಾಕಲಾಗದೆ ಸೋತರೆ ಝಣಝಣ ಹೋಗಿ ಚರಚರ ಕೇಳುತ್ತದೆ. ಡಿಜಿಟಲ್ ಸೆಟ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ತುಸು ತಡ ಇದೆ. ಸೆನ್‌ಹೈಸರ್ ಇಡಬ್ಲ್ಯೂ-ಡಿಪಿಯಲ್ಲಿ ಅದು 1.9 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ ಸುಮಾರು 65 ಸೆಂಟಿಮೀಟರ್ ಸಾಗುತ್ತದೆ. ಅದರ ಜೊತೆ ಇಷ್ಟು ತಡ ಇಲ್ಲದ ಬೇರೆ ಮೈಕನ್ನು ಬೆರೆಸಿದರೆ ದನಿ ಟೊಳ್ಳಾಗಬಹುದು, ಹಾಗಾಗಿ ಎರಡನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಾಕಿ.

ಆಮೇಲೆ ಹೊರಗೆ ಬನ್ನಿ. ಒಬ್ಬರು ಟ್ರಾನ್ಸ್‌ಮಿಟರ್ ಸೊಂಟಕ್ಕೆ ಕಟ್ಟಿಕೊಂಡು ಅಂಕಿ ಎಣಿಸುತ್ತಾ 30 ಮೀಟರ್ ನಡೆಯಲಿ, ಅಲ್ಲಿ ನಿಂತು ಸುತ್ತಲೂ ನಿಧಾನವಾಗಿ ತಿರುಗಲಿ. ಯಾವ ಅಂಕಿ ನುಂಗಿಹೋಯಿತು, ಆಗ ಮೈ ಯಾವ ಕಡೆಗಿತ್ತು ಎಂದು ಗುರುತು ಹಾಕಿ. ಎರಡನೆಯ ಟ್ರಾನ್ಸ್‌ಮಿಟರ್ ಆನ್ ಮಾಡಿ ಮತ್ತೊಮ್ಮೆ. ಸೆಕೆಂಡ್ ಹ್ಯಾಂಡ್ ಆದರೆ ಬ್ಯಾಟರಿ ಸ್ಪ್ರಿಂಗ್‌ಗೆ ಹಸಿರು ಹತ್ತಿದೆಯೇ ನೋಡಿ, ಮೈಕ್ ಕೇಬಲ್ಲನ್ನು ಪಿನ್ನಿನ ಬುಡದಲ್ಲಿ ಬಾಗಿಸುತ್ತಾ ಕೇಳಿ. ಅದು ಮೊದಲು ಕಡಿಯುವುದು ಅಲ್ಲೇ.

ಸೆಟ್ಟಿನ ಮೇಲೆ ಹೊರಿಸುವ ಡ್ರಾಪ್‌ಔಟ್‌ಗಳಲ್ಲಿ (ದನಿ ನಡುವೆ ತುಂಡಾಗುವುದು) ಎಷ್ಟೋ ಕಟ್ಟಿದ ರೀತಿಯಿಂದ ಬಂದವು. 600 ಮೆಗಾಹರ್ಟ್ಸ್ ಅಲೆಯ ಉದ್ದ 50 ಸೆಂಟಿಮೀಟರ್, ಆಂಟೆನಾ ಅದರ ಕಾಲು ಭಾಗ, 12.5. ಅದನ್ನು ಮಡಚಿ ಬೆಲ್ಟಿನೊಳಗೆ ಸೇರಿಸಿದರೆ ಅಳತೆ ಕೆಟ್ಟಿತು, ಬೆವರಿದ ಚರ್ಮಕ್ಕೆ ತಾಗಿದರೆ ಶಕ್ತಿಯ ಬಹುಪಾಲು ಮೈಗೇ ಹೋಯಿತು. ನೆಟ್ಟಗೆ, ನಡುವೆ ಒಂದು ಪದರ ಬಟ್ಟೆ ಇಟ್ಟು ಕಟ್ಟಿ. ಮೈಕ್ ಕೇಬಲ್ ಆಂಟೆನಾವನ್ನು ಸುತ್ತದಿರಲಿ. ಮಿಲಿವ್ಯಾಟ್ ಹೆಚ್ಚಿಸುವುದರಿಂದ ಅಂಥ ಲಾಭವೇನಿಲ್ಲ: 10ರಿಂದ 50ಕ್ಕೆ, ಅಂದರೆ ಐದು ಪಟ್ಟು ಏರಿಸಿದರೂ ಬಯಲಲ್ಲಿ ದೂರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೇ, ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. ರಿಸೀವರನ್ನು ನಟರಿಗೆ ಹತ್ತಿರ ಒಯ್ಯಿರಿ.

ಬ್ಯಾಟರಿ ಲೆಕ್ಕ: ಎರಡು ಟ್ರಾನ್ಸ್‌ಮಿಟರ್, ಎರಡು ರಿಸೀವರ್, ಒಂದೊಂದಕ್ಕೆ ಎರಡು ಎಎ ಸೆಲ್ ಅಂದರೆ ಎಂಟು. ಊಟದ ಹೊತ್ತಿಗೆ ಒಂದು ಬದಲಾವಣೆ, ಮೇಲೆ ನಾಲ್ಕು ಹೆಚ್ಚುವರಿ, ಒಟ್ಟು ಇಪ್ಪತ್ತು. ರೀಚಾರ್ಜ್ ಸೆಲ್ಲು 1.2 ವೋಲ್ಟ್‌ನಲ್ಲೇ ಹೆಚ್ಚು ಹೊತ್ತು ನಿಂತು ಕೊನೆಗೆ ತಟ್ಟನೆ ಬೀಳುತ್ತದೆ. ಮೀಟರ್ ನಂಬಿ ಕೂರಬೇಡಿ, ಗಡಿಯಾರ ನೋಡಿ ಬದಲಿಸಿ. ಸೋನಿಯಲ್ಲಿ ಸೆಲ್ ಯಾವ ಬಗೆಯದೆಂದು ಮೆನುವಿನಲ್ಲಿ ಹೇಳಿದರೆ ಮೀಟರ್ ಕೊಂಚ ನಿಜ ಹೇಳುತ್ತದೆ.

ಮೂರನೆಯ, ನಾಲ್ಕನೆಯ ಚಾನೆಲ್ ಸದ್ಯಕ್ಕೆ ಬಾಡಿಗೆಗಿರಲಿ. ತರುವಾಗ ಎರಡು ವಿಷಯ ಮೊದಲೇ ಕೇಳಿಕೊಳ್ಳಿ: ಅವು ಯಾವ ಬ್ಯಾಂಡಿನವು, ಮತ್ತು ನಿಮ್ಮ ಮೈಕಿನ ಪಿನ್ ಅದಕ್ಕೆ ಕೂರುತ್ತದೆಯೇ. ಕೂರದಿದ್ದರೆ ಅಡಾಪ್ಟರ್ ಹಿಂದಿನ ದಿನವೇ ಕೈಯಲ್ಲಿರಬೇಕು.