ಟಬಾಟಾ ಅಲ್ಲ, ತಬತ

ತುಮಕೂರಿನಲ್ಲಿ ನಾನು ಹೋಗುವ ಜಿಮ್‌ನ ಗೋಡೆಗೆ ಹೊಸ ಬೋರ್ಡ್ ಬಂದಿದೆ: 'ಟಬಾಟಾ, 45 ನಿಮಿಷ, ದಿನಾ ಸಂಜೆ.' ಊರಲ್ಲಿ ಇಂಥ ಬೋರ್ಡ್ ನೋಡಿದ್ದು ಇದು ಮೂರನೇ ಸಲ. ಇನ್ನು ಸುಮ್ನೆ ಇರೋಕಾಗಲ್ಲ. ತಬತ ಅಂದರೆ 20 ಸೆಕೆಂಡ್ ಮೈಮುರಿ ಕಸರತ್ತು, 10 ಸೆಕೆಂಡ್ ಬಿಡುವು, ಹೀಗೆ ನಾಲ್ಕು ನಿಮಿಷದೊಳಗೆ ಮುಗಿಯುವಂಥದ್ದು. 45 ನಿಮಿಷ ಮಾಡೋಕಾಯ್ತು ಅಂದರೆ ಅದು ತಬತ ಅಲ್ಲವೇ ಅಲ್ಲ.

ಮೊದಲು ಹೆಸರು. ಇದು ವ್ಯಾಯಾಮದ ಹೆಸರಲ್ಲ, ಒಬ್ಬರ ಮನೆತನದ ಹೆಸರು: ಜಪಾನಿನ ವಿಜ್ಞಾನಿ ಇಜುಮಿ ತಬತ. ಇಂಗ್ಲಿಷ್ ಅಕ್ಷರ ನೋಡಿ ಓದಿದ್ದಕ್ಕೆ ನಮ್ಮಲ್ಲಿ 'ಟ' ಬಂತು. ಜಪಾನಿಯರ ಬಾಯಲ್ಲಿ ಅದು ನಮ್ಮ 'ತ'ಗೇ ಹತ್ತಿರ. 'ತ' ಅಂದರೆ ಗದ್ದೆ, 'ಹತ' ಅಂದರೆ ಹೊಲ. ಎರಡೂ ಸೇರಿ ತಬತ, ಅಂದರೆ ಗದ್ದೆ-ಹೊಲ. ಪಹಣಿಯ ಭಾಷೆಯಲ್ಲಿ ತರಿ-ಖುಷ್ಕಿ! 'ಹ' ಹೋಗಿ 'ಬ' ಯಾಕೆ ಬಂತು? ಜಪಾನಿಯ 'ಹ' ಒಂದು ಕಾಲಕ್ಕೆ 'ಪ' ಆಗಿತ್ತು, ನಮ್ಮ ಪಾಲು ಹಾಲಾದ ಹಾಗೆ. ಆ ಪಕಾರ ಸಮಾಸದ ನಡುವೆ ಬಂದಾಗ ಬಕಾರವಾಯಿತು. ನಮ್ಮಲ್ಲೂ ಕಣ್ಣು, ಪನಿ ಸೇರಿ ಕಂಬನಿ ಆಗುತ್ತದೆ ಅಲ್ವಾ? ಇನ್ನು 'ಇಜುಮಿ' ಅಂದರೆ ಚಿಲುಮೆ. ದೇವರಾಯನದುರ್ಗದ ತಪ್ಪಲಲ್ಲಿ ನಾಮದ ಚಿಲುಮೆ ಇಟ್ಟುಕೊಂಡಿರುವ ನಮಗೆ ಈ ಹೆಸರು ಇಷ್ಟು ಹತ್ತಿರದ್ದು.

ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದ ಕೋಚ್ ಕೊಯಿಚಿ ಇರಿಸಾವಾ ಮಾಡಿಸುತ್ತಿದ್ದ ಕಸರತ್ತನ್ನು ತಬತ ಅಳೆದು ನೋಡಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ನಿಂತಲ್ಲೇ ತುಳಿಯುವ ಸೈಕಲ್ ಮೇಲೆ 20 ಸೆಕೆಂಡ್ ತುಳಿತ, 10 ಸೆಕೆಂಡ್ ಬಿಡುವು, 7-8 ಸುತ್ತು. ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಎಳೆದುಕೊಳ್ಳಬಲ್ಲದೋ ಅದರ 170% ಬೇಡುವಷ್ಟು ಜೋರು. ಇನ್ನೊಂದು ಗುಂಪು 70% ಮಟ್ಟದಲ್ಲಿ ಒಂದು ಗಂಟೆ ತುಳಿಯಿತು. 6 ವಾರದ ನಂತರ ಎರಡೂ ಗುಂಪಿನ ದಮ್ಮು ಜಾಸ್ತಿಯಾಗಿತ್ತು. ಆಮ್ಲಜನಕ ಸಾಲದಾದಾಗ ದುಡಿಯುವ ಶಕ್ತಿ ಮಾತ್ರ ಮೊದಲ ಗುಂಪಿನಲ್ಲಷ್ಟೇ ಏರಿತು, 28%.

ಲೆಕ್ಕ ಹಾಕಿ. 8 ಸುತ್ತು, ನಡುವೆ 7 ಬಿಡುವು: 230 ಸೆಕೆಂಡ್. ಎಂಟನೇ ಸುತ್ತಿಗೆ ಕಾಲು ಮಾತು ಕೇಳಬಾರದು. ಒಂಬತ್ತನೆಯದು ಆರಾಮಾಗಿ ಆಯಿತು ಅಂದರೆ ಮೊದಲ ಎಂಟರಲ್ಲೂ ಜೋರು ಸಾಲಲಿಲ್ಲ ಅಂತಲೇ ಅರ್ಥ. ಬೋರ್ಡಿನ 45 ನಿಮಿಷದ್ದು ಸರ್ಕ್ಯೂಟ್, ಅಂದರೆ ಬೇರೆಬೇರೆ ವ್ಯಾಯಾಮ ಒಂದರ ಹಿಂದೆ ಒಂದು ಮಾಡುವುದು. ಅದೂ ಒಳ್ಳೆಯದೇ, ಹಾಗಂತಲೇ ಬರೆಯಲಿ.

ಹೆಸರು ತಪ್ಪಿದರೆ ಏನಾಯ್ತು ಅಂತ ಕೇಳುವವರಿಗೆ ಮೊನ್ನೆ ಕಂಡದ್ದು ಹೇಳುತ್ತೇನೆ. ಒಬ್ಬ ಹುಡುಗ ಟೈಮರಿನ ಇದೇ 20-10 ಸೆಕೆಂಡಿನ ಬೀಪ್‌ಗೆ ಡೆಡ್‌ಲಿಫ್ಟ್ (ಭಾರ ಹಾಕಿದ ಬಾರನ್ನು ನೆಲದಿಂದ ಎತ್ತುವುದು) ಮಾಡುತ್ತಿದ್ದ. ಐದನೇ ಸುತ್ತಿಗೆ ಬೆನ್ನು ಗೂನಾಯಿತು, ಬಾರ್ ಮೊಣಕಾಲಿನಿಂದ ದೂರ ತೂಗಾಡಿತು. ಬೀಪ್ ಆಯಿತೆಂದು ಮತ್ತೆ ಬಗ್ಗಿದ. "ಬೇಡಪ್ಪ, ಕೆಳಗಿಡು" ಅಂದೆ. "ಟಬಾಟಾ ಅಣ್ಣ, ನಿಲ್ಲಿಸಬಾರದು" ಅಂದ.

ಭಾರ ಎತ್ತುವುದಕ್ಕೆ ದಣಿಯದ ಬೆನ್ನು ಬೇಕು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಮೊದಲು ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) ಅಥವಾ ಡೆಡ್‌ಲಿಫ್ಟ್ ಮುಗಿಸಿ. ಸೆಟ್‌ಗೆ ಐದು ಸಲ ಸಾಕು, ನಡುವೆ ಎರಡು-ಮೂರು ನಿಮಿಷ ಕೂರಿ. ತಬತ ಕೊನೆಗೆ, ಅದೂ ಸೈಕಲ್ ಮೇಲೆ. ಅಲ್ಲಿ ಸುಸ್ತಾದರೆ ಪೆಡಲ್ ನಿಧಾನವಾಗುತ್ತದೆ ಅಷ್ಟೇ, ಕೈಯಲ್ಲಿ ಭಾರ ಇರುವುದಿಲ್ಲ.