ಬಿಗಿದು ಕೂತ ಹಳೆಯ ಹೊಲಿಗೆ ಮಷೀನು: ಟೈಮಿಂಗ್ ಮುಟ್ಟುವ ಮೊದಲು ನೋಡಬೇಕಾದ್ದು

ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಮಷೀನು ಕೈಗೆ ಬಂದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ದೂರು ಇರುತ್ತದೆ. ಚಕ್ರ ತಿರುಗುವುದಿಲ್ಲ, ಇಲ್ಲವೇ ತಿರುಗಿದರೂ ಹೊಲಿಗೆ ಬೀಳುವುದಿಲ್ಲ. "ಟೈಮಿಂಗ್ ಹೋಗಿದೆ" ಎಂದು, ಅಂದರೆ ಸೂಜಿಯೂ ಕೆಳಗಿನಿಂದ ಅದರ ದಾರ ಹಿಡಿಯುವ ಹುಕ್ಕೂ ಸಂಧಿಸುವ ಹೊತ್ತು ತಪ್ಪಿದೆ ಎಂದು, ಯಾರಾದರೂ ಹೇಳಿದರೆ ಸಾಕು, ಕಲಿಯುವವರು ಸೀದಾ ಸೂಜಿಯ ಬದಿಯ ಮುಖಫಲಕ ಬಿಚ್ಚಿ ನೀಡಲ್ ಬಾರಿನ (ಸೂಜಿ ಹಿಡಿದ ಸರಳಿನ) ಸ್ಕ್ರೂ ಸಡಿಲಿಸಿಬಿಡುತ್ತಾರೆ. ಅಲ್ಲಿಗೆ ಒಂದಿದ್ದ ತೊಂದರೆ ಎರಡಾಯಿತು. ಎರಕದ ಕಬ್ಬಿಣದ ಈ ಯಂತ್ರಗಳಲ್ಲಿ ಟೈಮಿಂಗ್ ತಾನಾಗಿ ಕದಲುವುದು ಅಪರೂಪ. ಒಣಗಿದ ಎಣ್ಣೆ, ಒಳಗೆ ಸಿಕ್ಕಿಕೊಂಡ ದಾರ, ತಪ್ಪು ಸೂಜಿ, ದಾರವನ್ನು ಬಿಗಿಹಿಡಿಯುವ ಟೆನ್ಶನ್ ತಟ್ಟೆಗಳ ನಡುವಿನ ಕಸ, ಈ ನಾಲ್ಕೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಟೈಮಿಂಗ್ ಕಡೆ ನೋಡಬೇಕು. ಈ ಟಿಪ್ಪಣಿಯೂ ಅದೇ ಕ್ರಮದಲ್ಲಿದೆ.

ಕೈಯಲ್ಲಿರುವುದು ಯಾವ ಜಾತಿ

ಬೇರೆ ಬೇರೆ ಹೆಸರಿನ ಹಳೆಯ ಮಷೀನುಗಳೆಲ್ಲ ಕೆಲವೇ ವಿನ್ಯಾಸಗಳ ಕುಟುಂಬದವು. ಗುರುತಿಸಲು ಕೆಳಗಿನ ಶಟಲ್ ನೋಡಿ. ಮೇಲಿನ ದಾರವನ್ನು ಕೆಳದಾರದ ಬಾಬಿನ್ನಿನ ಸುತ್ತ ಹಾಯಿಸುವ ಭಾಗ ಇದು, ಕೆಲವು ಮಷೀನುಗಳಲ್ಲಿ ಇದನ್ನೇ ಹುಕ್ ಎನ್ನುತ್ತಾರೆ. ಉದ್ದನೆಯ ದೋಣಿಯಂಥ ಶಟಲ್ ತೂಗುತ್ತ ಹಿಂದೆ ಮುಂದೆ ಹೋದರೆ ಅದು ಸಿಂಗರ್ 27, 28, 127, 128ರ ಬಗೆ. ದುಂಡು ಶಟಲ್ ಸ್ವಲ್ಪ ಸುತ್ತಿ ಮತ್ತೆ ವಾಪಸು ಬಂದರೆ 15ನೇ ವರ್ಗ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಹತ್ತಾರು ಹೆಸರಿನಲ್ಲಿ ನಕಲಾದದ್ದು ಇದೇ. 66 ಮತ್ತು 99ರಲ್ಲೂ ಹುಕ್ ಹೋಗಿ ಬರುತ್ತದೆ, ಆದರೆ ಬಾಬಿನ್ ಮೇಲಿನಿಂದ ಇಳಿಯುತ್ತದೆ. ಹುಕ್ ಒಂದೇ ದಿಕ್ಕಿಗೆ ಪೂರ್ತಿ ಸುತ್ತುವುದು 201 ಮತ್ತು 221ರಲ್ಲಿ.

ಸಿಂಗರ್ ಆದರೆ ಸೀರಿಯಲ್ ಸಂಖ್ಯೆ ಕಾಲವನ್ನು ಹೇಳುತ್ತದೆ. ಬರೀ ಅಂಕಿಗಳಿದ್ದರೆ 1900ಕ್ಕೆ ಹಿಂದಿನದು. ಮುಂದೆ ಒಂದು ಅಕ್ಷರವಿದ್ದರೆ 1900ರ ನಂತರದ್ದು. ಎರಡು ಅಕ್ಷರಗಳು ಶುರುವಾದದ್ದು 1920ರ ದಶಕದ ಮಧ್ಯದಲ್ಲಿ.

ಬಾಬಿನ್ ವಿಷಯದಲ್ಲಿ ಒಂದು ಎಚ್ಚರಿಕೆ. 15ರ ಬಾಬಿನ್ನಿನ ಎರಡೂ ಬದಿ ಚಪ್ಪಟೆ, 66ರದ್ದು ಹೊರಕ್ಕೆ ಉಬ್ಬಿದ್ದು. ಅಳತೆಯಲ್ಲಿ ಎಷ್ಟು ಹತ್ತಿರವೆಂದರೆ ಒಂದರ ಜಾಗದಲ್ಲಿ ಇನ್ನೊಂದು ಕೂತಂತೆಯೇ ಕಾಣುತ್ತದೆ, ಹೊಲಿಗೆ ಮಾತ್ರ ಕೆಡುತ್ತದೆ.

ಚಕ್ರ ತಿರುಗದಿದ್ದರೆ

ಬಲ ಹಾಕುವ ಮೊದಲು ಅದು ಎಂಥ ಬಿಗಿತ ಎಂದು ಕೈಯಿಂದ ಓದಿ. ಚಕ್ರವನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಆಡಿಸಿ. ಸ್ವಲ್ಪ ದೂರ ಸಲೀಸಾಗಿ ಬಂದು ಪ್ರತಿಸಲ ಒಂದೇ ಜಾಗದಲ್ಲಿ ಟಕ್ಕನೆ ನಿಂತರೆ ಏನೋ ಅಡ್ಡ ಸಿಕ್ಕಿದೆ: ದಾರದ ಗಂಟು, ಮುರಿದ ಸೂಜಿಯ ತುದಿ, ವಾರೆಯಾಗಿ ಕೂತ ಬಾಬಿನ್ ಕೇಸ್. ಸುತ್ತಿನ ಉದ್ದಕ್ಕೂ ಜೇನಿನಲ್ಲಿ ಕೈಯಾಡಿಸಿದಂತೆ ಒಂದೇ ಸಮ ಭಾರವಾಗಿದ್ದರೆ ಅದು ಎಣ್ಣೆಯ ಜಿಡ್ಡು. ಒಂದಿಷ್ಟೂ ಅಲುಗದಿದ್ದರೆ ಜಿಡ್ಡು ಗಟ್ಟಿಯಾಗಿ ಅಂಟಿದೆ ಅಥವಾ ತುಕ್ಕು ಹಿಡಿದಿದೆ.

ಮೊದಲನೆಯ ಬಗೆಗೆ ಸೂಜಿ ತೆಗೆದು, ಸೂಜಿ ಫಲಕ ಬಿಚ್ಚಿ, ಬಾಬಿನ್ ಕೇಸ್ ಮತ್ತು ಶಟಲ್ ಹೊರಗೆ ತೆಗೆಯಿರಿ. 15ರಲ್ಲಿ ಶಟಲ್ಲನ್ನು ಹಿಡಿದಿರುವ ಬಳೆ ಎರಡು ಸ್ಕ್ರೂಗಳಿಂದಲೋ ಎರಡು ಸಣ್ಣ ಚಿಲಕಗಳಿಂದಲೋ ಕೂತಿರುತ್ತದೆ. ಶಟಲ್ ಓಡುವ ತೋಡಿನ ಹಿಂಬದಿಗೆ ನುಸುಳಿದ ಒಂದು ಎಳೆ ದಾರ ಇಡೀ ಮಷೀನನ್ನು ನಿಲ್ಲಿಸಬಲ್ಲದು. ಅದು ಎಣ್ಣೆ ಕುಡಿದು ಕಪ್ಪಾಗಿ ಕಬ್ಬಿಣದ ಬಣ್ಣವೇ ಬಂದಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಸೂಜಿಯ ಮೊನೆಯಿಂದ ತೋಡಿನ ಸುತ್ತ ಒಮ್ಮೆ ಗೀರಿಕೊಂಡು ಬನ್ನಿ.

ಜಿಡ್ಡಿನ ಬಿಗಿತಕ್ಕೆ ತಾಳ್ಮೆಯೇ ಮದ್ದು. ಹೊಲಿಗೆ ಯಂತ್ರದ ಎಣ್ಣೆ ತಿಳಿಯಾದ, ತೆಳುವಾದ ಖನಿಜ ಎಣ್ಣೆ. ವರ್ಷಗಳು ಕಳೆದಂತೆ ಅದು ಗಾಳಿಗೆ ಕೆಟ್ಟು ಕಂದು ಬಣ್ಣದ ವಾರ್ನಿಶ್ ಪದರವಾಗುತ್ತದೆ. ಯಾರಾದರೂ ಅಡುಗೆ ಎಣ್ಣೆ ಬಿಟ್ಟಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಈ ಪದರದ ಮೇಲೆ ಹೊಸ ಎಣ್ಣೆ ಸುರಿದರೆ ಅದು ಮೇಲೆಯೇ ಹರಿದುಹೋಗುತ್ತದೆ, ಹಳೆಯದು ಕರಗಬೇಕು. ಲೋಹ ಲೋಹಕ್ಕೆ ಉಜ್ಜುವ ಪ್ರತಿ ಜಾಗಕ್ಕೂ ಎರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನ ಕೂದಲು ಒಣಗಿಸುವ ಡ್ರೈಯರಿನಿಂದ ಆ ಭಾಗವನ್ನು ಕೈ ಇಟ್ಟರೆ ಬಿಸಿ ತಾಳುವಷ್ಟು ಮಾತ್ರ ಕಾಯಿಸಿ, ಚಕ್ರವನ್ನು ಕೆಲವೇ ಮಿಲಿಮೀಟರ್ ಹಿಂದೆ ಮುಂದೆ ಆಡಿಸಿ. ಒಂದಿಷ್ಟು ಅಲುಗಿತು ಎಂದರೆ ಗೆದ್ದಂತೆ. ಇಕ್ಕಳ ಹಾಕಿ ತಿರುಗಿಸಬೇಡಿ: ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಹೊಲಿಗೆ ಉದ್ದದ ಸನ್ನೆ ಅಂಟಿದ್ದರೂ ಇದೇ ಮಾತು.

ಸೀಮೆಎಣ್ಣೆ ತೊಳೆಯುವುದಕ್ಕೆ ಮಾತ್ರ. ಅದು ಆರಿಹೋಗುತ್ತದೆ, ತನ್ನ ಜೊತೆ ಇದ್ದ ಅಲ್ಪಸ್ವಲ್ಪ ಎಣ್ಣೆಯನ್ನೂ ತೊಳೆದಿರುತ್ತದೆ. ಹಾಗಾಗಿ ಕಂದು ನೀರು ಬರುವುದು ನಿಂತ ಮೇಲೆ ಒರೆಸಿ, ಪ್ರತಿ ಜಾಗಕ್ಕೂ ಒಂದು ಹನಿ ಮಷೀನ್ ಎಣ್ಣೆ ಬಿಡಲೇಬೇಕು. ತುಕ್ಕು ಬಿಡಿಸುವ ಸ್ಪ್ರೇಗಳ ವಿಷಯವೂ ಅಷ್ಟೇ, ಅವು ಎಣ್ಣೆಯ ಜಾಗ ತುಂಬುವುದಿಲ್ಲ. 1960ರ ದಶಕದ ಈಚಿನ ಮಷೀನಿನಲ್ಲಿ ನೈಲಾನ್ ಗೇರ್ ಇದ್ದರೆ ಅಲ್ಲಿಗೆ ಬಿಸಿಯೂ ಬೇಡ, ಸೀಮೆಎಣ್ಣೆಯೂ ಬೇಡ.

ಎಣ್ಣೆ ಬಿಡುವಾಗ ತಪ್ಪಿಹೋಗುವ ಜಾಗಗಳು: ಮುಖಫಲಕದ ಒಳಗೆ ದಾರ ಎತ್ತುವ ತೋಳಿನ ಕೀಲು, ಬಟ್ಟೆ ಒತ್ತುವ ಪಾದದ ಸರಳಿನ ಮೇಲ್ತುದಿ, ಹಿಂಬದಿಯ ದುಂಡು ಮುಚ್ಚಳದೊಳಗಿನ ಕವಲು, ಬಾಬಿನ್ ಸುತ್ತುವ ಕಡ್ಡಿ, ಹಾಸಿನ ಕೆಳಗಿನ ಶಂಕುಮೊನೆಯ ಸ್ಕ್ರೂಗಳು. ಈ ಕೊನೆಯವು ಬಟ್ಟೆ ತಳ್ಳುವ ದಂಡಗಳನ್ನು ಎರಡೂ ತುದಿಯಲ್ಲಿ ಹಿಡಿದಿರುತ್ತವೆ. ಎಲ್ಲ ತೊಳೆದ ಮೇಲೂ ಮಷೀನು ಭಾರವೆನಿಸಿದರೆ ಕಾರಣ ಇಲ್ಲೇ ಇರಬಹುದು. ಬೀಗದ ನಟ್ಟು ಸಡಿಲಿಸಿ, ಶಂಕು ಸ್ಕ್ರೂವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ನೋಡಿ. ದಂಡ ತನ್ನ ಭಾರಕ್ಕೇ ಇಳಿಯಬೇಕು, ಆದರೆ ಬೆರಳಿನಿಂದ ಅಲುಗಿಸಿದರೆ ಕಟಕಟ ಅನ್ನಬಾರದು.

ಸ್ಕ್ರೂಗಳು

ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಸೀಳನ್ನು ಅಗಲದಲ್ಲೂ ದಪ್ಪದಲ್ಲೂ ತುಂಬಬೇಕು. ಅಂಚು ಓರೆಯಾದ ಸಾಮಾನ್ಯ ಡ್ರೈವರ್ ಜಾರಿ ಸೀಳಿನ ತುಟಿಯನ್ನು ಕಿತ್ತುಬಿಡುತ್ತದೆ. ಬಿಡದ ಸ್ಕ್ರೂವಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಕಾದು, ಡ್ರೈವರ್ ಇಟ್ಟು ಅದರ ಹಿಡಿಗೆ ಸಣ್ಣ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿ, ಮೊದಲು ಚೂರು ಬಿಗಿಸಿ ನಂತರ ಬಿಚ್ಚಿ. ಸಿಂಗರಿನ ಅನೇಕ ಸ್ಕ್ರೂಗಳ ಮರೆ (ಸುರುಳಿ ಗೀರು) ಆ ಕಂಪನಿಯದ್ದೇ ಅಳತೆ. ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಸ್ಕ್ರೂವನ್ನು ಒತ್ತಿ ಕೂರಿಸಿದರೆ ದೇಹದೊಳಗಿನ ಮರೆಯೇ ಹಾಳಾಗುತ್ತದೆ. ಆದ್ದರಿಂದ ಒಂದು ಸ್ಕ್ರೂವನ್ನೂ ಕಳೆಯಬೇಡಿ.

ಕ್ಲಚ್ ವಾಷರ್: ಎಲ್ಲರೂ ಎಡವುವ ಜಾಗ

ಬಾಬಿನ್ ಸುತ್ತುವಾಗ ಸೂಜಿ ಆಡದಿರಲೆಂದು ಚಕ್ರದ ನಡುವೆ ಒಂದು ತಿರುಗುಗುಬ್ಬಿ ಇರುತ್ತದೆ. ಗುಬ್ಬಿಯ ಮೇಲಿನ ಪುಟ್ಟ ಸ್ಕ್ರೂ ತೆಗೆದು ಗುಬ್ಬಿ ಬಿಚ್ಚಿದರೆ ಒಳಗೆ ಒಂದು ವಾಷರ್. ಸಿಂಗರ್ ಬಗೆಯದರಲ್ಲಿ ಹೊರ ಅಂಚಿಗೆ ಮೂರು ಕಿವಿ, ಒಳ ಅಂಚಿಗೆ ಎರಡು. ಒಳಗಿನ ಎರಡು ಒಂದು ಬದಿಗೆ ಬಾಗಿರುತ್ತವೆ, ಆ ಬಾಗು ಹೊರಗೆ, ಅಂದರೆ ಗುಬ್ಬಿಯ ಕಡೆಗೆ ಬರಬೇಕು. ಚಕ್ರವನ್ನು ಎಳೆದು ತೆಗೆದು ಶಾಫ್ಟಿನ ಮೇಲಿನ ಹಳೆ ಜಿಡ್ಡು ಒರೆಸಿ ಎಣ್ಣೆ ಬಿಟ್ಟು ಮತ್ತೆ ಜೋಡಿಸಿ.

ಜೋಡಿಸಿದ ಮೇಲೆ ಕೆಲವೊಮ್ಮೆ ಗುಬ್ಬಿ ಎಷ್ಟು ಸಡಿಲಿಸಿದರೂ ಸೂಜಿ ನಿಲ್ಲುವುದಿಲ್ಲ, ಅಥವಾ ಎಷ್ಟು ಬಿಗಿಸಿದರೂ ಚಕ್ರ ಖಾಲಿ ತಿರುಗುತ್ತದೆ. ಆಗ ಏನೂ ಮುರಿದಿಲ್ಲ. ಪುಟ್ಟ ಸ್ಕ್ರೂವಿನ ಮೊನೆ ವಾಷರಿನ ಹೊರಕಿವಿಗೆ ಬೇಗನೆ ತಾಗಿ ಗುಬ್ಬಿಯ ಓಟವನ್ನು ತಡೆಯುತ್ತಿದೆ ಅಷ್ಟೇ. ವಾಷರನ್ನು ತೆಗೆದು, ಬಾಗು ಹೊರಗೇ ಇರುವಂತೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸರಿಹೋಗುತ್ತದೆ. ಬಿಚ್ಚುವಾಗಲೇ ಒಂದು ಫೋಟೊ ತೆಗೆದಿಟ್ಟರೆ ಈ ಪೇಚಾಟವೂ ಇಲ್ಲ.

ಕಪ್ಪು ಬಣ್ಣ, ಚಿನ್ನದ ಚಿತ್ತಾರ

ಹಳೆಯ ಕಪ್ಪು ಮಷೀನುಗಳ ಹೊಳಪು ಜಪಾನ್ ಎಂಬ, ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿದ ಲೇಪ. ಅದರ ಮೇಲೆ ಚಿನ್ನದ ಬಣ್ಣದ ಚಿತ್ತಾರ, ಚಿತ್ತಾರದ ಮೇಲೆ ತೆಳುವಾದ ವಾರ್ನಿಶ್ ಅಥವಾ ಅರಗಿನ ರಕ್ಷಣೆ. ಸ್ಪಿರಿಟ್ ಈ ಅರಗನ್ನು ಕರಗಿಸುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಥಿನ್ನರ್, ಉಜ್ಜುವ ಪುಡಿ ಯಾವುದೂ ಹತ್ತಿರ ಸುಳಿಯಬಾರದು. ಚಿತ್ತಾರ ಬೆಳ್ಳಿಯ ಬಣ್ಣಕ್ಕೆ ತಿರುಗಿತೆಂದರೆ ಮೇಲಿನ ಪದರದೊಂದಿಗೆ ಚಿನ್ನದ ಬಣ್ಣವೂ ಹೋಯಿತೆಂದು ಅರ್ಥ, ಅದು ಮತ್ತೆ ಬರುವುದಿಲ್ಲ. ಮೆತ್ತಗಿನ ಹತ್ತಿ ಬಟ್ಟೆಗೆ ಮಷೀನ್ ಎಣ್ಣೆಯನ್ನೇ ಹಾಕಿ ಸವರಿ, ಕಾಲು ಗಂಟೆ ಬಿಟ್ಟು ಒರೆಸಿ. ಬಟ್ಟೆ ಕಂದಾಗುವುದು ನಿಲ್ಲುವವರೆಗೂ ಇಷ್ಟೇ ಕೆಲಸ. ನಿಧಾನವಾದರೂ ಹಾನಿಯಿಲ್ಲ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ.

ದಾರ ಮತ್ತು ಟೆನ್ಶನ್

ಮಷೀನು ಸಲೀಸಾಗಿ ತಿರುಗುವಾಗ ಹೊಸ ಸೂಜಿ ಹಾಕಿ. ಮನೆಬಳಕೆಯ ಬಹುಪಾಲು ಮಷೀನುಗಳಿಗೆ 15×1 ಸೂಜಿ ಸರಿಹೊಂದುತ್ತದೆ, ಪೊಟ್ಟಣದ ಮೇಲೆ 130/705 ಎಂದಿದ್ದರೂ ಅದೇ. ದುಂಡು ತಲೆಯ ಬೇರೆ ಸೂಜಿ ಬೇಡುವ ಕೆಲವು ತೀರಾ ಹಳೆಯವೂ ಇವೆ. ದಿಕ್ಕನ್ನು ಬಾಯಿಪಾಠ ಮಾಡುವ ಬದಲು ಕಾರಣ ತಿಳಿದುಕೊಳ್ಳಿ: ಸೂಜಿಯ ಒಂದು ಬದಿಗೆ ಉದ್ದಕ್ಕೂ ತೋಡಿದೆ, ದಾರ ಅದರಲ್ಲಿ ಅಡಗಿ ಬಟ್ಟೆಯೊಳಗೆ ಇಳಿಯುತ್ತದೆ. ಎದುರು ಬದಿಗೆ ಕಣ್ಣಿನ ಮೇಲೆ ಸಣ್ಣ ತಗ್ಗಿದೆ, ಹುಕ್ಕಿನ ಮೊನೆ ಬರುವುದು ಅಲ್ಲಿಗೆ. ಹಾಗಾಗಿ ತಗ್ಗು ಹುಕ್ಕಿನ ಕಡೆಗೆ, ದಾರ ಪೋಣಿಸುವುದು ಉದ್ದ ತೋಡಿನ ಕಡೆಯಿಂದ. ಸೂಜಿ ತಿರುಗುಮುರುಗಾಗಿದ್ದರೆ ಅಥವಾ ಮೇಲಿನವರೆಗೂ ತಾಗದೆ ಒಂದು ಮಿಲಿಮೀಟರ್ ಕೆಳಗೆ ನಿಂತಿದ್ದರೆ ಟೈಮಿಂಗ್ ಕೆಟ್ಟಂತೆಯೇ ಹೊಲಿಗೆ ತಪ್ಪುತ್ತದೆ.

ಈಗ ಟೆನ್ಶನ್ ಪರೀಕ್ಷೆ. ಪಾದ ಎತ್ತಿ ದಾರ ಎಳೆದರೆ ಸರಾಗವಾಗಿ ಬರಬೇಕು, ಇಳಿಸಿ ಎಳೆದರೆ ಬಿಗಿಯಾಗಬೇಕು. ಎರಡೂ ಒಂದೇ ಥರ ಇದ್ದರೆ ತಟ್ಟೆಗಳನ್ನು ಅಗಲಿಸುವ ಕಡ್ಡಿ ಅಂಟಿದೆ ಅಥವಾ ತಟ್ಟೆಗಳ ನಡುವೆ ಜೂಲು ಕೂತಿದೆ. ಬಿಚ್ಚಿದ ತುಂಡುಗಳನ್ನು ಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ತಟ್ಟೆಗಳ ಉಬ್ಬು ಮುಖಗಳು ಒಂದಕ್ಕೊಂದು ಎದುರಾಗಿರಬೇಕು, ದಾರ ಓಡುವುದು ಆ ಉಬ್ಬುಗಳ ನಡುವೆ. ಅಲ್ಲಿ ತುಕ್ಕಿನ ಚುಕ್ಕೆಯಿದ್ದರೆ ಉಜ್ಜಿ ನಯಗೊಳಿಸಿ, ಎಣ್ಣೆ ಮಾತ್ರ ಬಿಡಬೇಡಿ. ಪಕ್ಕದ ತೆಳು ತಂತಿಯ ಸ್ಪ್ರಿಂಗ್ ಸೂಜಿಯ ಮೊನೆ ಬಟ್ಟೆ ಮುಟ್ಟುವ ಹೊತ್ತಿಗೆ ತನ್ನ ಎಳೆತ ಮುಗಿಸಿರಬೇಕು. ಮೊದಲೇ ಮುಗಿಸಿದರೆ ಸಡಿಲವಾದ ದಾರ ಸೂಜಿಯ ಮೊನೆಗೆ ಸಿಕ್ಕಿ ಚುಚ್ಚಿಹೋಗಬಹುದು.

ಹೊಂದಿಸುವಾಗ ಕೆಳಗಿನಿಂದ ಶುರುಮಾಡಿ. ಬಾಬಿನ್ ಕೇಸ್ ಬೇರೆಯಾಗಿ ಬರುವ ಮಷೀನಿನಲ್ಲಿ ಅದರ ದಾರ ಹಿಡಿದು ನೇತುಬಿಡಿ: ತಾನಾಗಿ ಜಾರಬಾರದು, ಕೈಯನ್ನು ಸಣ್ಣಗೆ ಜರ್ಕ್ ಮಾಡಿದರೆ ಕೆಲವು ಸೆಂಟಿಮೀಟರ್ ಇಳಿದು ನಿಲ್ಲಬೇಕು. ಸ್ಪ್ರಿಂಗಿನ ಸ್ಕ್ರೂವನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಆಮೇಲೆ ಮೇಲಿಗೆ ಒಂದು ಬಣ್ಣ, ಕೆಳಗೆ ಇನ್ನೊಂದು ಬಣ್ಣದ ದಾರ ಹಾಕಿ ಹೊಲಿಯಿರಿ. ಕೆಳಗಿನ ಬಣ್ಣ ಬಟ್ಟೆಯ ಮೇಲ್ಮುಖದಲ್ಲಿ ಕಂಡರೆ ಮೇಲಿನ ಟೆನ್ಶನ್ ಹೆಚ್ಚು. ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿದರೆ ಬಾಬಿನ್ನನ್ನು ದೂರಬೇಡಿ, ಅದು ಮೇಲಿನ ದಾರ ತಟ್ಟೆಗಳ ನಡುವೆ ಕೂತಿಲ್ಲದ ಲಕ್ಷಣ. ಪಾದ ಎತ್ತಿಟ್ಟುಕೊಂಡು ಮತ್ತೆ ಪೋಣಿಸಿ.

ದಾರ ಎಳೆಎಳೆಯಾಗಿ ಕಿತ್ತುಬಂದರೆ ಹುಕ್ಕಿನ ಮೊನೆ, ಸೂಜಿ ಫಲಕದ ತೂತು, ದಾರ ಹಾಯುವ ಕೊಂಡಿಗಳ ಮೇಲೆ ನೈಲಾನ್ ಕಾಲುಚೀಲದ ತುಂಡನ್ನು ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಗೀರಿದೆ. 1000ದ ನುಣುಪು ಕಾಗದದಿಂದ ಉಜ್ಜಿ, ಆದರೆ ಮೊನೆಯ ಆಕಾರ ಬದಲಿಸಬೇಡಿ. ಬಟ್ಟೆ ತಳ್ಳುವ ಹಲ್ಲುಗಳ ಸಾಲುಗಳ ನಡುವೆ ಒತ್ತಿ ಕೂತ ಜೂಲು ಕಂಬಳಿಯ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಮಷೀನಿನ ಭಾಗವೆಂದೇ ತಿಳಿದು ಬಿಟ್ಟವರಿದ್ದಾರೆ. ಚಿಮಟದಿಂದ ಕೀಳಿ, ಬಟ್ಟೆ ಮುಂದೆ ಸರಿಯದ ದೂರು ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

ಕೊನೆಗೆ ಟೈಮಿಂಗ್

ಇಷ್ಟಾದ ಮೇಲೂ ಹೊಲಿಗೆ ತಪ್ಪಿದರೆ ಫಲಕ ಬಿಚ್ಚಿ ನೋಡಿ. ಚಕ್ರವನ್ನು ಕೈಯಿಂದ ಅದರ ಸರಿ ದಿಕ್ಕಿಗೆ ತಿರುಗಿಸಿ ಸೂಜಿಯನ್ನು ತೀರಾ ಕೆಳಕ್ಕೆ ತನ್ನಿ. ಅಲ್ಲಿಂದ ಸುಮಾರು 2ರಿಂದ 2.5 ಮಿ.ಮೀ. ಮೇಲೇರುವಷ್ಟರಲ್ಲಿ ದಾರ ತಗ್ಗಿನ ಕಡೆ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣಕ್ಕೆ ಹುಕ್ಕಿನ ಮೊನೆ ಸೂಜಿಯ ಹಿಂದೆ, ಕಣ್ಣಿಗಿಂತ ಸ್ವಲ್ಪ ಮೇಲೆ ಹಾಯಬೇಕು. ಮೊನೆಗೂ ಸೂಜಿಗೂ ನಡುವೆ ತೆಳು ಕಾಗದದಷ್ಟು ಅಂತರ ಸಾಕು. ಮೊನೆ ಕಣ್ಣಿನ ಮಟ್ಟದಲ್ಲೇ ಅಥವಾ ಅದಕ್ಕಿಂತ ಕೆಳಗೆ ಹಾದರೆ ಸೂಜಿ ಎತ್ತರದಲ್ಲಿದೆ. ಮುಖಫಲಕದೊಳಗೆ ನೀಡಲ್ ಬಾರನ್ನು ಹಿಡಿದ ಸ್ಕ್ರೂ ಸಡಿಲಿಸಿ ಬಾರನ್ನು ಚೂರೇ ಇಳಿಸಬೇಕು.

ಕೆಲವು ಬಾರುಗಳ ಮೇಲೆ ಎರಡು ಗೀರುಗಳಿರುತ್ತವೆ. ಸೂಜಿ ತೀರಾ ಕೆಳಗಿದ್ದಾಗ ಮೇಲಿನ ಗೀರು ಬುಶಿನ (ಬಾರ್ ಹಾಯುವ ಲೋಹದ ಕೊಳವೆಯ) ಕೆಳ ಅಂಚಿಗೆ ಸಮ, ಸೂಜಿ ಏರುತ್ತ ಕೆಳಗಿನ ಗೀರು ಅದೇ ಅಂಚಿಗೆ ಬಂದಾಗ ಹುಕ್ಕಿನ ಮೊನೆ ಸೂಜಿಯ ನಡುವೆ. ಇವು ಇದ್ದರೆ ಅಳತೆಪಟ್ಟಿಯೇ ಬೇಡ. ಸಡಿಲಿಸುವ ಮೊದಲು ಈಗಿರುವ ಜಾಗವನ್ನು ಮಾರ್ಕರಿನಿಂದ ಗುರುತು ಮಾಡಿಕೊಳ್ಳಿ. ಬಿಗಿಸುವಾಗ ಬಾರ್ ತಿರುಗಿದರೆ ಸೂಜಿಯ ತಗ್ಗೂ ಹುಕ್ಕಿನಿಂದ ಓರೆಯಾಗುತ್ತದೆ.

ಮೋಟಾರು, ಬೆಲ್ಟು

ವೈರಿನ ರಬ್ಬರ್ ಬಗ್ಗಿಸಿದರೆ ಬಿರಿಯುತ್ತದೆಯೇ ನೋಡಿ. ಬಿರಿದರೆ ಪ್ಲಗ್ ಹಾಕುವ ಮೊದಲೇ ಎಲ್ಲ ವೈರು ಬದಲಿಸಬೇಕು, ಏಕೆಂದರೆ ದೇಹವೆಲ್ಲ ಲೋಹ. ಗ್ರೀಸಿಗೆಂದು ಮಾಡಿದ ತೂತಿಗೆ ಎಣ್ಣೆ ಬಿಟ್ಟರೆ ಅದು ಮೋಟಾರಿನೊಳಗೆ ಇಳಿಯುತ್ತದೆ. ಕಾಲಿನಿಂದ ತುಳಿಯುವ ಮಷೀನಿನ ದುಂಡು ಚರ್ಮದ ಬೆಲ್ಟು ಸುಮಾರು 5 ಮಿ.ಮೀ. ದಪ್ಪದ್ದು. ಜಾರದಷ್ಟು ಬಿಗಿ ಸಾಕು, ಅದಕ್ಕಿಂತ ಬಿಗಿದರೆ ಮಷೀನು ಮತ್ತೆ ಭಾರವಾಗುತ್ತದೆ.

ಮೊದಲ ಹೊಲಿಗೆಗೆ ಎರಡು ಪದರ ಹತ್ತಿ ಬಟ್ಟೆ, 90ರ ಸೂಜಿ, 2.5 ಮಿ.ಮೀ. ಉದ್ದ. ಹತ್ತು ನಿಮಿಷ ಓಡಿದರೆ ಒಳಗೆ ಉಳಿದಿದ್ದ ಹಳೆ ಜಿಡ್ಡು ಕಂದಾಗಿ ಹೊರಗೆ ಇಳಿಯುತ್ತದೆ. ಒರೆಸಿ ಮತ್ತೆ ಎಣ್ಣೆ ಬಿಡಿ. ಎರಡು ಮೂರು ದಿನ ಬಿಟ್ಟು ಚಕ್ರ ತಿರುಗಿಸಿದಾಗ ಮತ್ತೆ ಭಾರವೆನಿಸಿದರೆ ಹೆದರಬೇಡಿ, ಅರೆಬರೆ ಕರಗಿದ ಜಿಡ್ಡು ಪುನಃ ಕೂತಿದೆ. ಸೀಮೆಎಣ್ಣೆಯಿಂದ ಇನ್ನೊಂದು ಸುತ್ತು ತೊಳೆಯಿರಿ.